ಜೋಡುಗುಂಡಿನ ಆ ಮಳೆಗಾಲ

ಮೊನ್ನೆ ಕೋಠಿಯಲ್ಲಿ ಕೆಲಸ ಮುಗಿಸಿ ಮೆಟ್ರೊದಲ್ಲಿ ಮಿಯಾಪುರಕ್ಕೆ ಬಂದು ಇಳಿದಾಗ ಈ ವರ್ಷದ ಮೊದಲ ಮಳೆ ಆಗಷ್ಟೇ ನಿಂತಿತ್ತು. ಸ್ಟೇಷನ್ನಿನ ಎದುರಿಗೆ ಮತ್ತೊಂದು ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದಾರೆ. ಯಂತ್ರ ಬಂಡೆ ಕೊರೆಯುತ್ತಿತ್ತು. ಬಿಸಿಲಿಗೆ ಕಾದು ಮಳೆಗೆ ತೋಯ್ದ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ಮಣ್ಣಿನ ವಾಸನೆಯಂತೆ ಅದು ಮೆತ್ತಗಿರುವುದಿಲ್ಲ, ಆಗಷ್ಟೇ ಸಾಣೆ ಹಿಡಿದ ಚಾಕುವಿನ ಹಾಗಿರುತ್ತದೆ. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. "ಜರಗಂಡಿ ಆಂಟೀ," ಎಂದು ಹಿಂದಿನ ಹುಡುಗಿ ಗೊಣಗಿದಳು. ಸರಿದು ನಿಂತೆ. ಮನೆಗೆ ಓಡಿಹೋಗುವ ಅವಸರವೇನೂ ನನಗಿರಲಿಲ್ಲ. ಮನೆಯಲ್ಲಿ ಇವರು ರೇಡಿಯೊ ಹಚ್ಚಿಕೊಂಡು ಕೂತಿರುತ್ತಾರೆ. ದೀಪ ಹಾಕಿರುವುದಿಲ್ಲ. ಈಗ ಅವರಿಗೆ ದೀಪ ಹಾಕಿದರೂ ಒಂದೇ, ಆರಿಸಿದರೂ ಒಂದೇ.

ಇವರು ಎಂದರೆ ನನ್ನ ಗಂಡ. ಹೆಸರು ಶ್ರೀಶೈಲ ಎಂದು ಬರೆಯಬಲ್ಲೆನೇ ಹೊರತು ಬಾಯಿಂದ ಇವತ್ತಿಗೂ ಬರುವುದಿಲ್ಲ. ನಮ್ಮದು ವಿಜಾಪುರ ಜಿಲ್ಲೆ, ಇಂಡಿ ಕಡೆ. ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದೆವು. ಇವರು ಕೋಠಿಯಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟರು. ಪಾಸ್‌ಪೋರ್ಟ್ ಫೋಟೊ, ನಮ್ಮ ಕಡೆಯವರ ಮದುವೆ, ಕುಬುಸ, ಜಾವಳ, ಆಮೇಲೆ ಫ್ಲಾಟು ಮಾರುವವರ ಬಣ್ಣದ ಪುಸ್ತಕಗಳು. ನಾನು ಅದೇ ಓಣಿಯ ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಮಾಡುತ್ತೇನೆ. ಮಕ್ಕಳಾಗಲಿಲ್ಲ. ಅದಕ್ಕೆ ಅತ್ತದ್ದೆಲ್ಲ ಅತ್ತು ಮುಗಿದಿದೆ, ಈಗ ಆ ಮಾತು ಬೇಡ.

ಇವರ ಜೀವ ಇದ್ದದ್ದು ಭಾನುವಾರದಲ್ಲಿ. ವಾರವೆಲ್ಲ ಮಂದಿಯ ಮುಖ ತೆಗೆದು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಚೀಲ ಹೆಗಲಿಗೇರಿಸಿದರೆ ಕತ್ತಲಾದ ಮೇಲೇ ಮನೆ. ಹೋಗುತ್ತಿದ್ದದ್ದು ಬಂಡೆಗಳ ಹತ್ತಿರ. ಈ ಊರಿನ ಸುತ್ತಲೂ ಕಲ್ಲಿನ ಮೇಲೆ ಕಲ್ಲು ಕೂತ ಗುಡ್ಡಗಳಿವೆಯಲ್ಲ, ಅವುಗಳ ಫೋಟೊ. ಒಬ್ಬ ಮನುಷ್ಯನೂ ಇಲ್ಲದ, ಒಂದು ಕುರಿಯೂ ಇಲ್ಲದ ಫೋಟೊ. ನಾನು ಅವುಗಳನ್ನು ನನ್ನ ಸವತಿಯರು ಎನ್ನುತ್ತಿದ್ದೆ. "ಇವತ್ತ ಯಾವ ಸವತಿ ಕಡೆ ಸವಾರಿ?" ಎಂದರೆ ಇವರು ನಕ್ಕು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಗುವಾಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ನಾನೂ ಬರುತ್ತೇನೆ ಎಂದು ಮೊದಮೊದಲು ಕೇಳಿದ್ದೆ. "ಅಲ್ಲಿ ಬಂದ ಏನ್ ಮಾಡ್ತಿ? ತಾಸಗಟ್ಟಲೆ ಬೆಳಕ ಕಾಯ್ಕೋತ ಕುಂದ್ರಬೇಕು. ನಿನಗ ಬ್ಯಾಸರ ಬರತೈತಿ," ಎಂದಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟೆ. ಬೇಸರ ಎಲ್ಲಿ ಕೂತರೂ ಬರುತ್ತದೆ, ನನಗೆ ಮನೆಯಲ್ಲಿ ಬರುತ್ತಿತ್ತು.

ನಾನು ಹೇಳಹೊರಟ ಆ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಇವರಿಗೊಂದು ಗೋಡೆ ಸಿಕ್ಕಿತು. ಶಂಶಾಬಾದಿನಲ್ಲಿ, ಏರ್‌ಪೋರ್ಟ್ ರಸ್ತೆಗೆ, ಹೊಸ ಹೋಟೆಲ್ ಏಳುತ್ತಿತ್ತು. ಒಳಗಿನ ಅಲಂಕಾರ ನೋಡಿಕೊಳ್ಳುವ ಮೇಡಂ ಒಬ್ಬರು ಎಲ್ಲೋ ಇವರ ಬಂಡೆಯ ಫೋಟೊ ನೋಡಿ ಫೋನ್ ಮಾಡಿದರು. ಬಾಗಿಲಿನೆದುರಿನ ದೊಡ್ಡ ಗೋಡೆಗೆ ಒಂದೇ ಒಂದು ಫೋಟೊ ಬೇಕು, ಈ ನೆಲದ್ದೇ ಕಲ್ಲು, ಮಳೆಗಾಲದ್ದು. ಕೆಳಗೆ ತೆಗೆದವರ ಹೆಸರು ಹಾಕುತ್ತಾರೆ. ಫೋನಿಟ್ಟು ಇವರು ಅಡುಗೆಮನೆಗೆ ಬಂದರು. "ಇಷ್ಟ ವರ್ಷ ಮಂದಿ ಲಗ್ನದ ಫೋಟೊ ತಗದೆ. ಈಗ ನನ್ನ ಒಂದ ಫೋಟೊ ಗ್ವಾಡಿ ಮ್ಯಾಲ ನಿಂದರತೈತಿ ನೋಡು," ಎಂದರು. ಅಂಥ ಮುಖ ಇವರಿಗೆ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಬಂಡೆಗಳನ್ನು ಸವತಿ ಎನ್ನುತ್ತಿದ್ದ ನಾನೇ ಆ ದಿನ ಬೆಲ್ಲ ಹಾಕಿ ಸಜ್ಜಕ ಮಾಡಿದೆ.

ಮಿಯಾಪುರದ ಆಚೆ ಜೋಡುಗುಂಡು ಎಂಬ ಗುಡ್ಡ ಇತ್ತು. ಎರಡು ದೊಡ್ಡ ಬಂಡೆ ಒಂದಕ್ಕೊಂದು ತಲೆ ತಾಗಿಸಿ ನಿಂತಿದ್ದವು. ಅದನ್ನೇ ತೆಗೆಯುತ್ತೇನೆ ಎಂದು ಇವರು ವಾರವಾರ ಹೋದರು. ಬಂದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನನ್ನನ್ನು ಕರೆದರು. ನನಗೆ ಬೆಳಕು ಗೊತ್ತಿಲ್ಲ, ಅಂದ ಗೊತ್ತಿಲ್ಲ. ಆದರೆ ಕಸ ಎಲ್ಲಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ.

"ಇದೇನ್ರಿ, ಮೂಲ್ಯಾಗ ನಿಮ್ಮ ಚೀಲ ಬಂದೈತಿ?"

"ಎಲ್ಲಿ?"

"ಅಲ್ಲೇ, ಕೆಳಗ. ಇದರಾಗ ನೋಡ್ರಿ, ಬಲಕ್ಕ ಅರ್ಧಾ ಎಮ್ಮಿ. ಇದರಾಗ ಕರೆಂಟ್ ವೈರ್. ಎಲ್ಲಾದರಾಗೂ ಏನರೆ ಒಂದ ಹೊಕ್ಕೈತಲ್ರಿ!"

ಇವರು ಹುಡುಕಿದರು. ಹುಡುಕುವಾಗ ಕಣ್ಣು ಹೊರಳಲಿಲ್ಲ, ಇಡೀ ತಲೆ ಹೊರಳಿತು. ಕಳೆದ ಸೂಜಿಯನ್ನು ನೆಲದ ಮೇಲೆ ಹುಡುಕುವವರ ಹಾಗೆ ಪರದೆಯ ಮೇಲೆ ಮುಖವನ್ನು ಇಂಚಿಂಚು ಸರಿಸುತ್ತ ಹೋಗಿ, ಕೊನೆಗೆ ಮೂಲೆ ಮುಟ್ಟಿ, "ಹಾಂ, ಐತಿ," ಎಂದರು. ಒಂದು ವರ್ಷದಿಂದ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದರು. ಪಕ್ಕದಲ್ಲಿಟ್ಟ ನೀರಿನ ತಂಬಿಗೆ ಒದೆಯುತ್ತಿದ್ದರು. ಸಂಜೆಯ ಹೊತ್ತು ಗೇಟಿನ ಮೆಟ್ಟಿಲು ತಪ್ಪುತ್ತಿದ್ದರು. "ಕಣ್ಣ ಕಾಣಂಗಿಲ್ಲೇನ್ರಿ?" ಎಂದು ನಾನು ಬೈಯುತ್ತಲೇ ಇದ್ದೆ. ಎಲ್ಲ ಹೆಂಡಂದಿರೂ ಹಾಗೆ ಬೈಯುತ್ತಾರೆ. ಆ ಮಾತು ನಿಜವಿರಬಹುದೆಂದು ಯಾರು ಎಣಿಸುತ್ತಾರೆ?

ಕಣ್ಣಿನ ಆಸ್ಪತ್ರೆಯಲ್ಲಿ ಇವರನ್ನು ಒಂದು ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಚುಕ್ಕೆ ಬೆಳಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ನಾನು ಬಾಗಿಲ ಹತ್ತಿರ ಕೂತು ಗುಂಡಿಯ ಸದ್ದು ಕೇಳುತ್ತಿದ್ದೆ. ಒಂದು ಸಲ ಟಿಕ್ ಎನ್ನುವುದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಕೊನೆಗೆ ಕೊಟ್ಟ ಕಾಗದದಲ್ಲಿ ರೊಟ್ಟಿ ಹಂಚಿನ ಹಾಗೆ ಎಲ್ಲ ಕಪ್ಪು, ನಡುವೆ ಮಾತ್ರ ರೂಪಾಯಿ ಅಗಲದ ಬಿಳುಪು. ಆ ರೂಪಾಯಿಯೊಳಗೆ ಇವರಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ, ಅದರಾಚೆ ಏನೂ ಇಲ್ಲ. ಮಬ್ಬು ಬೆಳಕಿನಲ್ಲಂತೂ ಅದೂ ಇಲ್ಲ.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡಿದರು. "ಮೇನರಿಕಮಾ?" ಎಂದು ತೆಲುಗಿನಲ್ಲಿ ಕೇಳಿದರು. ತಂದೆ ತಾಯಿ ಒಳಸಂಬಂಧದಲ್ಲಿ ಮದುವೆಯಾದವರೇ ಎಂದು ಅರ್ಥ. "ಹೌದ್ರಿ, ನಮ್ಮವ್ವನ್ನ ಅಕಿ ಸ್ವಾದರಮಾವಗ ಕೊಟ್ಟಿದ್ರು," ಎಂದರು ಇವರು. ಡಾಕ್ಟರು ತಲೆಯಾಡಿಸಿದರು. ಇದಕ್ಕೆ ಆಪರೇಷನ್ ಇಲ್ಲ, ಹನಿ ಇಲ್ಲ. ಆ ಬಿಳುಪು ನಿಧಾನವಾಗಿ ಇನ್ನೂ ಸಣ್ಣದಾಗುತ್ತದೆ. ಹೊರಗೆ ಬಂದ ಮೇಲೆ ನನಗೆ ಮೈಯೆಲ್ಲ ಬೆಂಕಿ ಬಿತ್ತು. "ಹೊಲ ಹೊರಗ ಹೋಗಬಾರದಂತ ಮನ್ಯಾಗ ಮನ್ಯಾಗ ಕೊಟ್ಟ್ರು. ಈಗ ಕಣ್ಣ ಹೋತಲ್ರಿ!" ಎಂದು ರಸ್ತೆಯಲ್ಲೇ ಕೂಗಿದೆ. "ಸತ್ತವರನ್ನ ಬೈಬ್ಯಾಡ. ಆಟೊ ಹಿಡಿ," ಎಂದರು.

ಆಮೇಲೆ ಇವರು ಭಾನುವಾರವೂ ಮನೆಯಲ್ಲೇ ಉಳಿದರು. ಸ್ಟುಡಿಯೊ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಹೋಟೆಲಿನ ಮೇಡಂ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾನೇ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ನಿಂತೆ.

"ಏಳ್ರಿ. ಹೋಗೂಣು."

"ಹೋಗಿ ಏನ್ ಮಾಡೂದು? ಮತ್ತ ಎಮ್ಮಿ ಬರತೈತಿ."

"ನಡುವಿಂದ ನೀವ ನೋಡ್ರಿ. ಎಮ್ಮಿ ನಾ ನೋಡ್ಕೋತೀನಿ."

ಇವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಎದ್ದು ಅಂಗಿ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನಾನು ಸವತಿಯ ಮನೆಗೆ ಹೊರಟೆ.

ನಮ್ಮ ಓಣಿಯ ಆಟೊದವರು ಜಹಾಂಗೀರ್ ಭಾಯ್ ಕರೆದುಕೊಂಡು ಹೋದರು. ಆ ಇಡೀ ಮಳೆಗಾಲ ಅವರೇ ಬಂದರು. ಮೊದಲ ದಿನ ಬಂಡೆಗಳನ್ನು ನೋಡಿ, "ಪತ್ಥರಾಂಚ್ ದೇಖ್ನೆ ಇತ್ತಾ ದೂರ್ ಆಯೆ ಕ್ಯಾ ಅಮ್ಮಾ?" ಎಂದರು. ಬರೀ ಕಲ್ಲು ನೋಡಲಿಕ್ಕೆ ಇಷ್ಟು ದೂರವೇ ಎಂದು. "ನನಗೂ ಅದೇ ಸಂಶಯ ಭಾಯ್," ಎಂದೆ.

ಮೇಲೆ ಹತ್ತುವಾಗ ಇವರು ನನ್ನ ಕೈ ಹಿಡಿಯಲಿಲ್ಲ. ನನ್ನ ಹೆಗಲ ಚೀಲದ ಪಟ್ಟಿ ಹಿಡಿದು, ಕಾಲ ಮುಂದಿನ ಕಲ್ಲನ್ನಷ್ಟೇ ನೋಡುತ್ತ ಹಿಂದೆ ಬಂದರು. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಕಣ್ಣಿಟ್ಟು ಬಂಡೆ ನೋಡಿ, "ಈಗ ಹಿಂದಿನ ಪರದೆಯಾಗ ನೀ ನೋಡು. ಗುಡಿ ಸುತ್ತಿದಂಗ ಸುತ್ತಬೇಕು. ಮ್ಯಾಲ ಎಡಗಡಿ ಮೂಲಿಯಿಂದ ಹೊಂಡು, ಬಲಕ್ಕ ಹೋಗು, ಕೆಳಗ ಇಳಿ, ಹೊಳ್ಳಿ ಬಾ. ಅಂಚಿಗೆ ಏನೇನ ತಾಕತೈತಿ ಹೇಳು," ಎಂದರು. ಅದಕ್ಕೆ ನಾವು ಪ್ರದಕ್ಷಿಣೆ ಎಂದೇ ಹೆಸರಿಟ್ಟೆವು. ನಾನು ಹೇಳುತ್ತ ಹೋದೆ: ಮೇಲೆ ಮೋಡ, ಬಲಕ್ಕೆ ಒಂದು ಬೇವಿನ ಟೊಂಗೆ ಇಣುಕಿದೆ, ಕೆಳಗೆ ಹುಲ್ಲು, ಹುಲ್ಲಿನಲ್ಲಿ ಗುಟಕಾ ಚೀಟು. ಇವರು ಕ್ಯಾಮೆರಾ ಒಂದು ಕೂದಲಷ್ಟು ಆಚೆ ತಿರುಗಿಸುವರು. ಮತ್ತೆ ಪ್ರದಕ್ಷಿಣೆ. ಗುಟಕಾ ಚೀಟು ನಾನೇ ಹೋಗಿ ಎತ್ತಿಕೊಂಡು ಬಂದೆ. "ಫೋಟೊ ನಡುವ ಕೆಡಂಗಿಲ್ಲ, ಅಂಚಿನಾಗ ಕೆಡತೈತಿ," ಎಂದರು ಇವರು.

ಆಷಾಢ ಬಂತು, ಈ ಊರಿನ ಅಮ್ಮನ ಹಬ್ಬ ಬೋನಾಲು ಬಂತು. ತಲೆಯ ಮೇಲೆ ಗಡಿಗೆ ಹೊತ್ತ ಹೆಂಗಸರು ಡೋಲಿನ ಸದ್ದಿನ ಜೊತೆ ಗುಡ್ಡದ ಕೆಳಗಿನ ದಾರಿಯಲ್ಲಿ ಹಾಯ್ದರು. ಹಳದಿ, ಕೆಂಪು, ಬೇವಿನೆಲೆ, ಎಷ್ಟು ಚಂದವಿತ್ತು! "ತಗೀರಿ, ತಗೀರಿ," ಎಂದೆ. "ಜನ ಹೋಗಲಿ," ಎಂದರು ಇವರು. ಜನ ಹೋದರು. ಖಾಲಿ ದಾರಿ, ಖಾಲಿ ಬಂಡೆ. ಇಂಥ ಗಂಡನನ್ನು ಏನು ಮಾಡುವುದು ಹೇಳಿ.

ಆದರೂ ಹೇಳುತ್ತೇನೆ, ನನ್ನ ಬಾಳಿನಲ್ಲಿ ಅಂಥ ಭಾನುವಾರಗಳು ಅದಕ್ಕೆ ಮೊದಲು ಇರಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಬೆಳಕು ಕಾಯುತ್ತ ಕೂತಾಗ ಇವರು ಮಾತಾಡುತ್ತಿದ್ದರು. ಮನೆಯಲ್ಲಿ ವಾರಕ್ಕೆ ಆಡದಷ್ಟು ಮಾತು ಅಲ್ಲಿ ಒಂದು ಮಧ್ಯಾಹ್ನದಲ್ಲಿ ಬರುತ್ತಿತ್ತು. ಒಂದು ದಿನ ನನ್ನನ್ನು ಬಂಡೆಯ ಮುಂದೆ ನಿಲ್ಲಿಸಿದರು.

"ಬಿಸಿಲು ನಮ್ಮ ಬೆನ್ನಿಗೈತಿ. ಕಲ್ಲ ಹೆಂಗ ಕಾಣತೈತಿ?"

"ಕಲ್ಲ ಕಲ್ಲಿನಂಗ ಕಾಣತೈತಿ."

"ಗ್ವಾಡಿಗೆ ರೊಟ್ಟಿ ಬಡದಂಗ ಚಪ್ಪಟಿ ಇಲ್ಲೇನ? ಈಗ ಈ ಕಡೆ ಬಾ. ಇನ್ನೂ ಈ ಕಡೆ. ಬಿಸಿಲು ಬಾಜೂಕ ಬಂತಿಲ್ಲೊ? ಈಗ ನೋಡು."

ನೋಡಿದೆ. ಅದೇ ಕಲ್ಲಿಗೆ ಕೆನ್ನೆ ಬಂದಿತ್ತು, ಹೊಟ್ಟೆ ಬಂದಿತ್ತು, ಸೀಳಿನೊಳಗೆ ಆಳ ಬಂದಿತ್ತು. "ಅಯ್ಯ ಶಿವನ, ಕಲ್ಲಿಗೆ ಮೈ ಬಂತಲ್ರಿ!" ಎಂದೆ. ಇವರು ಮಗುವಿನ ಹಾಗೆ ಖುಷಿಪಟ್ಟರು. ಬೆಳಕು ಬಿದ್ದ ಕಡೆಯಲ್ಲ, ಬೆಳಕು ಮುಗಿದು ನೆರಳು ಸುರುವಾಗುವ ಗೆರೆಯನ್ನು ನೋಡು ಎಂದರು. ಮೋಡ ಕವಿದ ದಿನ ಆಕಾಶ ಕಡಿಮೆ ಮಾಡಿ ಒದ್ದೆ ಕಲ್ಲಿನ ಹೊಳಪು ಹಿಡಿಯಬೇಕೆಂದರು. ಮುಂದೆ ಒಂದು ಸಣ್ಣ ವಸ್ತು ಇರಲಿ, ಒಂದು ಹಿಡಿ ಹುಲ್ಲೋ ಕಲ್ಲಿನ ಕುಳಿಯ ನೀರೋ, ಅಲ್ಲಿ ಕಾಲಿಟ್ಟು ಕಣ್ಣು ಒಳಗೆ ನಡೆದುಹೋಗುತ್ತದೆ ಎಂದರು. ನನಗೆ ಕಲಿಯುವ ಆಸೆಗಿಂತ ಕೇಳುವ ಆಸೆ ದೊಡ್ಡದಿತ್ತು. ಆದರೆ ಕೇಳುತ್ತ ಕೇಳುತ್ತ ಕಲಿತೆ. ಅಂಗಡಿಯಲ್ಲಿ ಬಿಲ್ ಮಾಡುವಾಗ ಗಿರಾಕಿಯ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ನೋಡುತ್ತಿದ್ದೆ. ಆ ಗೋಡೆ ಇವರ ಕೈತಪ್ಪಬಾರದು ಎಂದು ದಿನವೂ ಬೇಡಿಕೊಂಡೆ. ಫೋಟೊ ಗೋಡೆಗೇರಿದರೆ ಇವರಿಗೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಕಣ್ಣು ಎಷ್ಟು ಸಣ್ಣದಾದರೂ ನಾವಿಬ್ಬರೂ ಹೀಗೇ ಬರುತ್ತಿರಬಹುದು. ನನ್ನ ಸ್ವಾರ್ಥ ಇಷ್ಟೇ.

ಒಂದೇ ಸಂಕಟ. ಬಂಡೆಗೆ ಒಳ್ಳೆಯ ಬೆಳಕು ಬರುವುದು ಸೂರ್ಯ ಮುಳುಗುವ ಹೊತ್ತಿಗೆ. ಆ ಹೊತ್ತಿಗೇ ಇವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮಬ್ಬಾದರೆ ಇವರು ಆ ಕಲ್ಲುಗಳ ಮೇಲಿಂದ ಇಳಿಯಲಾರರು. ಹೀಗಾಗಿ ಕಾಯ್ದು ಕಾಯ್ದು, ಬೆಳಕು ಬಣ್ಣ ತಿರುಗುವ ವೇಳೆಗೆ ಸರಿಯಾಗಿ ನಾನು "ಏಳ್ರಿ, ಇಳಿಯೂಣು," ಎನ್ನಬೇಕಿತ್ತು. ಇವರು ಒಂದೊಂದು ದಿನ, "ಇನ್ನೊಂದ ಸ್ವಲ್ಪ," ಎನ್ನುವರು. ನಾನು ಗದರಿಸುವೆ. ಕೆಳಗಿನಿಂದ ಜಹಾಂಗೀರ್ ಭಾಯ್ ಹಾರ್ನ್ ಹೊಡೆಯುವರು. ತಿರುವಿನಲ್ಲಿ ಇವರು ಹಿಂದೆ ನೋಡುವರು. ಏನು ಕಾಣುತ್ತಿತ್ತೋ ಗೊತ್ತಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ದಿನ, ಮಧ್ಯಾಹ್ನದಿಂದ ಆಕಾಶ ಗಟ್ಟಿಯಾಗಿ ಮುಚ್ಚಿತ್ತು. ಇವತ್ತು ಏನೂ ಇಲ್ಲ ಎಂದು ಇವರೇ ಎದ್ದರು. ಕೆಳಗೆ ಕರೆತಂದು ಆಟೊದಲ್ಲಿ ಕೂರಿಸಿ, ಮೇಲೆ ಬಿಟ್ಟು ಬಂದ ಸ್ಟ್ಯಾಂಡು, ಕ್ಯಾಮೆರಾ ತರಲು ನಾನು ಮತ್ತೆ ಹತ್ತಿದೆ. ಮೇಲೆ ಮುಟ್ಟುವುದಕ್ಕೂ, ಪಡುವಣದಲ್ಲಿ ಮೋಡದ ಕೆಳಗಿನ ಅಂಚು ಬಿರಿಯುವುದಕ್ಕೂ ಸರಿಹೋಯಿತು. ಬಿಸಿಲು ನೆಲದ ಮಟ್ಟದಲ್ಲಿ ಬಂದು ಬಾಜೂಕಿನಿಂದ ಬಂಡೆಗಳಿಗೆ ಬಡಿಯಿತು. ಹಿಂದಿನ ಮೋಡ ನೀಲಿಗಪ್ಪು, ಬಂಡೆ ಮಾತ್ರ ಹೊತ್ತಿಕೊಂಡಿತು.

ಕ್ಯಾಮೆರಾ ಇವರು ಇಟ್ಟಲ್ಲೇ ಇತ್ತು. ಪರದೆಯಲ್ಲಿ ಪ್ರದಕ್ಷಿಣೆ ಹಾಕಿದೆ. ಎಲ್ಲ ಸ್ವಚ್ಛ. ಆದರೆ ತಲೆ ಎತ್ತಿದಾಗ ಎಡಕ್ಕೆ, ಚೌಕಟ್ಟಿನ ಹೊರಗೆ, ಮಳೆನೀರು ನಿಲ್ಲುವ ಕುಂಟೆ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಅದು ಒಣಗಿದ ತಗ್ಗು. ಆ ಮಳೆಗೆ ತುಂಬಿ, ಈಗ ಬಂಡೆಯ ಕೆಂಪನ್ನೆಲ್ಲ ಎಳೆದುಕೊಂಡು ಉದ್ದಕ್ಕೆ ಮಲಗಿತ್ತು. ನಾನು ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ. ಜೋಡುಗುಂಡು ಬಲಕ್ಕೆ ಸರಿಯಿತು, ನೀರು ಕೆಳಗಿನ ಮೂಲೆಯಿಂದ ಒಳಗೆ ಬಂದು ಬಂಡೆಯ ಕಾಲಿಗೆ ಹೋಗಿ ಮುಟ್ಟಿತು. ಕಣ್ಣಿಗೆ ದಾರಿ ಸಿಕ್ಕಿತು. ಒತ್ತಿದೆ.

"ಏ, ಏನ್ ಮಾಡಾಕತ್ತಿ ಮ್ಯಾಲ?" ಕೆಳಗಿನಿಂದ ಇವರ ದನಿ ಬಂತು. "ಬೆಳಕ ಬಿತ್ತೇನ?"

"ಬಿತ್ತರಿ! ಒತ್ತಾಕತ್ತೀನಿ!"

ಆಮೇಲೆ, "ಒತ್ತು, ಒತ್ತು. ಸ್ಟ್ಯಾಂಡಿಗೆ ಮೈ ತಾಗಿಸಬ್ಯಾಡ, ಅಳ್ಳಾಡತೈತಿ," ಎಂದರು. ಬೆಳಕು ಆರುವವರೆಗೂ ಒತ್ತಿದೆ. ಇಳಿದು ಬಂದಾಗ ಇವರು ಆಟೊದ ಹೊರಗೆ ನಿಂತು ಗುಡ್ಡದ ಕಡೆ ಮುಖ ಮಾಡಿದ್ದರು. ಕತ್ತಲಾಗಿತ್ತು.

ಮರುದಿನ ಇವರು ಆ ಫೋಟೊ ನೋಡಿದರು. ಬಂಡೆಗಳ ಮೇಲೆ ಮುಖವಿಟ್ಟು, "ಬೆಳಕ ಭಾಳ ಛಲೋ ಬಂದೈತಿ. ಇದನ್ನೂ ಹಾಕು," ಎಂದರು. ತಾವು ತೆಗೆದವುಗಳಲ್ಲಿ ಒಳ್ಳೆಯವನ್ನು ಆರಿಸಿ, ಇದನ್ನೂ ಸೇರಿಸಿ, ಎಲ್ಲವನ್ನೂ ಹೋಟೆಲಿನ ಮೇಡಂಗೆ ಕಳಿಸಿದರು. ಕೆಲವು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. ನಾನೂ ಕೇಳಲಿ ಎಂದು ಇವರು ಫೋನಿನ ಸ್ಪೀಕರ್ ಹಚ್ಚಿದರು. ಒಂದು ಫೋಟೊ ಎಲ್ಲರಿಗೂ ಹಿಡಿಸಿದೆ ಎಂದರು ಮೇಡಂ. "ವೋ ಪಾನೀ ವಾಲಾ ಫೋಟೊ, ಸರ್. ಆ ನೀರು ಬಂಡೆಯ ಕಡೆ ಹೋಗೋದು, ಅಬ್ಬಾ!" ಹೀಗೆ ಹಿಂದಿ, ತೆಲುಗು, ಅಲ್ಪಸ್ವಲ್ಪ ಕನ್ನಡ ಎಲ್ಲ ಕಲಸಿ ಹೊಗಳಿದರು. ನಾನು ಕೈ ಮುಗಿದು ಕುಣಿಯುವುದೊಂದು ಬಾಕಿ. ಇವರು ಫೋನಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು.

"ಯಾವ ನೀರು?"

ಮೇಡಂಗೆ ಆಮೇಲೆ ಮಾತಾಡುತ್ತೇನೆಂದು ಹೇಳಿ ಫೋನಿಟ್ಟರು. ಕಂಪ್ಯೂಟರಿನ ಮುಂದೆ ಕೂತು ಮುಖವನ್ನು ಬಂಡೆಯಿಂದ ಎಡಕ್ಕೆ, ಕೆಳಕ್ಕೆ, ಇಂಚಿಂಚು ಸರಿಸುತ್ತ ಹೋದರು. ನೀರು ಸಿಕ್ಕಿತು. ಅದರ ಜೊತೆಗೇ ಮೂಲೆಯವರೆಗೆ ಹೋದರು, ತಿರುಗಿ ಬಂಡೆಯವರೆಗೆ ಬಂದರು, ಮತ್ತೆ ಹೋದರು.

"ಯಾವಾಗಿನಿಂದ ಐತಿದು ಅಲ್ಲಿ?"

"ಆಷಾಢದಾಗ ತುಂಬೇತ್ರಿ ಕುಂಟಿ."

"ನಾವು ಹೋದಾಗೆಲ್ಲ ಇತ್ತು?"

"ಇತ್ತು."

"ಈ ನೀರ ನಾ ನೋಡಿಲ್ಲ," ಎಂದರು. ಪರದೆಯ ಮೇಲೆ ನೀರಿದ್ದ ಕಡೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತರು. ಡಾಕ್ಟರು ಕೊಟ್ಟ ಕಾಗದ ನೋಡಿದಾಗಲ್ಲ, ಇವರಿಗೆ ತಮ್ಮ ಕಣ್ಣು ಎಷ್ಟು ಹೋಗಿದೆ ಎಂದು ಅರ್ಥವಾದದ್ದು ಆ ಹೊತ್ತಿಗೆ. ನೀರಿನ ಸುದ್ದಿ ನಾನು ಹೇಳಿರಲಿಲ್ಲ, ಏಕೆಂದರೆ ನನ್ನ ಕೆಲಸ ಚೌಕಟ್ಟಿನ ಒಳಗಿನದಾಗಿತ್ತು. ಇಷ್ಟಗಲದ ಕುಂಟೆ ಪಕ್ಕದಲ್ಲಿದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಸಂಜೆ ಇವರೇ ಮೇಡಂಗೆ ಫೋನ್ ಮಾಡಿದರು. "ವೋ ಫೋಟೊ ಮೇರಾ ನಹೀಂ ಹೈ ಮೇಡಂ. ಮೇರಿ ಮಿಸೆಸ್ ಕಾ ಹೈ," ಎಂದರು. ಅದು ತಮ್ಮದಲ್ಲ, ಹೆಂಡತಿಯದು ಎಂದು. ಕೆಳಗೆ ಹಾಕಲು ನನ್ನ ಹೆಸರು, ಸುನಂದಾ ಎಂದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನಾನು ಫೋನ್ ಕಸಿದುಕೊಳ್ಳಲು ಹೋದೆ. ಇವರು ಬಿಡಲಿಲ್ಲ.

"ನಿಮಗ ತಲಿ ಕೆಟ್ಟೈತೇನ್ರಿ? ಜಾಗಾ ನಿಮ್ಮದು, ಕ್ಯಾಮೆರಾ ನಿಮ್ಮದು, ಬೆಳಕ ಕಲಿಸಿದವರು ನೀವು. ನಾ ಬರೇ ಒತ್ತಿದಾಕಿ. ನಿಮ್ಮ ಗ್ವಾಡಿರಿ ಅದು!"

"ನನ್ನ ಹೆಸರಿನ ಫೋಟೊದಾಗ ನಾ ನೋಡಲಾರದ ನೀರು ಇರಬಾರದು."

"ಹಂಗಾರ ಬ್ಯಾರೆ ಫೋಟೊ ಹಾಕು ಅನ್ರಿ. ನಿಮ್ಮವ ಐದಾರ ಅದಾವಲ್ಲ!"

"ಅವಕ್ಕಿಂತ ಇದು ಛಲೋ ಐತಿ," ಎಂದರು. ಅದು ಫೋಟೊಗಾರನ ಮಾತು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿ ಕುಕ್ಕಿ ತೊಳೆದೆ.

ಮುಂದಿನ ಭಾನುವಾರ ಬುತ್ತಿ ಕಟ್ಟಿ, ಚೀಲ ಹೆಗಲಿಗೆ ಹಾಕಿ ನಿಂತೆ. ಕೆಳಗೆ ಆಟೊದ ಹಾರ್ನ್ ಆಯಿತು. ಇವರು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. "ನೀ ಹೋಗಿ ಬಾ," ಎಂದರು. ನಾನು ಬೈದೆ, ಅತ್ತೆ, ಎಳೆದೆ. "ನಾ ಒಬ್ಬಾಕಿ ಹೋಗಿ ಏನ್ ಮಾಡ್ಲಿ? ಪ್ರದಕ್ಷಿಣಿ ಯಾರಿಗೆ ಹೇಳ್ಲಿ?" ಎಂದೆ. ಇವರು ಸಿಟ್ಟಾಗಲಿಲ್ಲ. "ನಿನಗ ನಡುವಿಂದೂ ಕಾಣತೈತಿ, ಅಂಚಿಂದೂ ಕಾಣತೈತಿ. ನಾ ಯಾಕ ಬೇಕು?" ಎಂದರು.

ಬೇಕು ಎಂದು ಹೇಗೆ ಹೇಳುವುದು? ಫೋಟೊಕ್ಕಲ್ಲ, ನನಗೆ ಬೇಕು ಎಂದು? ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಮಾತು ಹೇಳುವ ರೂಢಿ ನಮ್ಮಲ್ಲಿ ಯಾರಿಗಿದೆ? ನಾನು ಚೀಲ ಹೊತ್ತು ಹೋದೆ. ಜಹಾಂಗೀರ್ ಭಾಯ್ ಗುಡ್ಡದ ಬುಡಕ್ಕೆ ಬಿಟ್ಟರು. ಮೇಲೆ ಹತ್ತಿ ಕೂತೆ. ಅವತ್ತೂ ಬೆಳಕು ಬಂತು, ಬಂಡೆಗೆ ಮೈ ಬಂತು, ಕುಂಟೆ ಹೊಳೆಯಿತು. ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ. ಬುತ್ತಿಯನ್ನು ಅರ್ಧ ತಿಂದು ಅರ್ಧ ಹಾಗೇ ವಾಪಸು ತಂದೆ. ಅಷ್ಟು ಒಂಟಿ ನಾನು ಮೊದಲಿನ ಖಾಲಿ ಭಾನುವಾರಗಳಲ್ಲೂ ಆಗಿರಲಿಲ್ಲ. ಆಗ ಇವರ ಜೊತೆ ಬೆಳಕು ಕಾಯುವುದು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ, ಅಷ್ಟೇ.

ದೀಪಾವಳಿಯ ನಂತರ ಹೋಟೆಲ್ ತೆರೆಯಿತು. ಮೇಡಂ ಕಾರು ಕಳಿಸುತ್ತೇನೆಂದು ಇಬ್ಬರನ್ನೂ ಕರೆದರು. ಇವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ತಯಾರಾಗಿ ಕೂತಿದ್ದರು. ಹಗಲು ಹೊತ್ತು, ಗಾಜಿನ ಬಾಗಿಲಿಂದ ಬೆಳಕು ಧಾರಾಳವಾಗಿ ಒಳಗೆ ಬಿದ್ದಿತ್ತು. ಫೋಟೊ ಇಡೀ ಗೋಡೆ ಹಿಡಿದಿತ್ತು. ಜನ ಅದರ ಮುಂದೆ ನಿಲ್ಲುವುದು, ಹೋಗುವುದು ನಡೆದಿತ್ತು. ಕೆಳಗೆ ನನ್ನ ಹೆಸರು ನೋಡಿ ನನಗೆ ನಾಚಿಕೆಯಾಯಿತು.

ಇವರು ಗೋಡೆಯ ಹತ್ತಿರ ಹೋಗಿ ನಿಂತರು. ಅಷ್ಟು ದೊಡ್ಡ ಫೋಟೊ ಅಷ್ಟು ಹತ್ತಿರದಿಂದ ಇವರಿಗೆ ಒಂದು ತುಣುಕು ಕಲ್ಲಷ್ಟೇ. ಮುಖವನ್ನು ಸ್ವಲ್ಪ ಆಚೀಚೆ ಹೊರಳಿಸಿ ನೋಡಿ ಬಿಟ್ಟರು. ಆಮೇಲೆ ಫೋಟೊದ ಕಡೆಯಿಂದ ಮುಖ ತೆಗೆಯದೆ, ಹಿಂದೆ ಹಿಂದೆ ಹೆಜ್ಜೆ ಹಾಕತೊಡಗಿದರು. ಯಾರಿಗಾದರೂ ಹಾಯುತ್ತಾರೆ ಎಂದು ನಾನು ಹಿಡಿಯಲು ಹೋದೆ. ಕೈ ಎತ್ತಿ ತಡೆದರು. ಸೂಟುಬೂಟಿನವರು ಸರಿದು ದಾರಿ ಬಿಟ್ಟರು. ಹಿಂದೆ ಸರಿಯುತ್ತ ಸರಿಯುತ್ತ, ಆ ಉದ್ದನೆಯ ಹಾಲ್ ದಾಟಿ, ಬೆನ್ನು ಗಾಜಿನ ಬಾಗಿಲಿಗೆ ತಾಗಿದ ಮೇಲೆ ನಿಂತರು. ಅಷ್ಟು ದೂರದಿಂದ ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು, ಜಾತ್ರೆಯಲ್ಲಿ ಕರೆದ ಹಾಗೆ, ಎಲ್ಲರೆದುರು.

"ಸುನಂದಾ! ಪೂರ್ತಿ ಕಾಣಾಕತ್ತೈತಿ! ಗುಂಡು, ನೀರು, ಎಲ್ಲಾ! ಬಾಜೂಕ ನೀನೂ, ಕಾಲಿಂದ ತಲೀತನಕ!"

ನಾನು ಸೀರೆಯ ಸೆರಗು ಹಿಡಿದುಕೊಂಡು ಅವರ ಕಡೆ ಓಡಲು ಒಂದು ಹೆಜ್ಜೆ ಇಟ್ಟೆ.

"ಬರಬ್ಯಾಡ, ಅಲ್ಲೇ ನಿಂದ್ರು," ಎಂದರು. "ಹತ್ತರ ಬಂದ್ರ ಮತ್ತ ಅರ್ಧಾ ಆಗ್ತಿ."

ನಾನು ಅಲ್ಲೇ ನಿಂತೆ.